ಅವೇ ಮೂಲೆಯ ಲೆಕ್ಕ

1971ರ ಮೇ 3, ಸೋಮವಾರ ರಾತ್ರಿ, ವೈಟ್ ಹಾರ್ಟ್ ಲೇನ್. ತವರಿನ ತಂಡ ಟಾಟೆನ್‌ಹ್ಯಾಮ್, ಬಂದವರು, ಅಂದರೆ ‘ಅವೇ’ (away) ತಂಡ, ಆರ್ಸೆನಲ್. ಎರಡೂ ಉತ್ತರ ಲಂಡನ್ನಿನ ತಂಡಗಳೇ, ನಡುವೆ ಕೆಲವೇ ಮೈಲಿ ದೂರ. ಆದರೂ ಆರ್ಸೆನಲ್ ಅಭಿಮಾನಿಗೆ ಅದಕ್ಕಿಂತ ಪರಕೀಯವಾದ ಅಂಗಳ ಭೂಮಿಯ ಮೇಲೆ ಇನ್ನೊಂದಿರಲಿಲ್ಲ. ಒಳಗೆ 51,992 ಜನ. ಗೇಟು ಮುಚ್ಚಿದ ಮೇಲೂ ಸಾವಿರಾರು ಮಂದಿ ರಸ್ತೆಯಲ್ಲೇ ನಿಂತಿದ್ದರು. ಇಂಗ್ಲೆಂಡಿನ ಫುಟ್‌ಬಾಲ್ ಲೀಗ್‌ನಲ್ಲಿ ಆ ಋತುವಿಗೆ ಆರ್ಸೆನಲ್‌ನ ಕೊನೆಯ ಪಂದ್ಯ. ಲೀಡ್ಸ್ ಯುನೈಟೆಡ್ ತನ್ನ 42 ಪಂದ್ಯ ಮುಗಿಸಿ 64 ಅಂಕಗಳೊಂದಿಗೆ ಕಾಯುತ್ತಿತ್ತು. ಆರ್ಸೆನಲ್ ಬಳಿ 63.

ಈ ಪಂದ್ಯದ ಬಗ್ಗೆ ಯಾರನ್ನು ಕೇಳಿದರೂ ಆರ್ಸೆನಲ್‌ನ ರೇ ಕೆನಡಿ ತಲೆಯಿಂದ ಹೊಡೆದ ಗೋಲನ್ನೇ ಹೇಳುತ್ತಾರೆ. ನನಗೆ ಅದಕ್ಕಿಂತ ರುಚಿಸುವುದು ಅಂದು ಸ್ಟ್ಯಾಂಡಿನಲ್ಲಿ ನಿಂತವರು ತಲೆಯಲ್ಲಿ ಇಟ್ಟುಕೊಂಡಿರಬೇಕಾಗಿದ್ದ ಲೆಕ್ಕ. ಆಗ ಗೆಲುವಿಗೆ ಎರಡು ಅಂಕ, ಡ್ರಾಗೆ ಒಂದು. ಅಂಕ ಸಮವಾದರೆ ನೋಡುತ್ತಿದ್ದದ್ದು ಗೋಲ್ ಆವರೇಜ್: ಹೊಡೆದ ಗೋಲನ್ನು ಬಿಟ್ಟುಕೊಟ್ಟ ಗೋಲಿನಿಂದ ಭಾಗಿಸಬೇಕು, ಕಳೆಯುವುದಲ್ಲ. ಲೀಡ್ಸ್ 72 ಹೊಡೆದು 30 ಬಿಟ್ಟಿತ್ತು, ಅಂದರೆ 2.400. ಆರ್ಸೆನಲ್ 70ಕ್ಕೆ 29. ಪಂದ್ಯ 0–0 ಆದರೆ 70ನ್ನು 29ರಿಂದ ಭಾಗಿಸಿ 2.414, ಕಪ್ ಅಂದರೆ ಲೀಗ್ ಪ್ರಶಸ್ತಿ ಆರ್ಸೆನಲ್‌ಗೆ. 1–1 ಆದರೆ 71ನ್ನು 30ರಿಂದ ಭಾಗಿಸಿ 2.367, ಕಪ್ ಲೀಡ್ಸ್‌ಗೆ. ಒಂದೇ ಡ್ರಾ, ಒಂದೇ ಅಂಕ, ಆದರೆ ಫಲ ತಿರುವುಮುರುವು. ಗೋಲಿಲ್ಲದ ಡ್ರಾ ಸಾಕು, ಗೋಲಿರುವ ಡ್ರಾ ಸಾಲದು.

87ನೇ ನಿಮಿಷದ ಆಸುಪಾಸು. ಜಾನ್ ರಾಡ್‌ಫೋರ್ಡ್ ಹೊಡೆತವನ್ನು ಟಾಟೆನ್‌ಹ್ಯಾಮ್ ಗೋಲ್‌ಕೀಪರ್ ಪ್ಯಾಟ್ ಜೆನ್ನಿಂಗ್ಸ್ ತಡೆದರು. ದೂರ ಹೋಗುತ್ತಿದ್ದ ಚೆಂಡನ್ನು ಜಾರ್ಜ್ ಆರ್ಮ್‌ಸ್ಟ್ರಾಂಗ್ ಮತ್ತೆ ಗೋಲಿನ ಮುಂದಕ್ಕೆ ಕ್ರಾಸ್ ಮಾಡಿದರು. 19 ವರ್ಷದ ಕೆನಡಿ ಎಗರಿ ತಲೆಕೊಟ್ಟರು, ಚೆಂಡು ಅಡ್ಡಪಟ್ಟಿಯ ಕೆಳಗಿನಿಂದ ಒಳಗೆ. 1–0. ಉಳಿದ ನಿಮಿಷಗಳಲ್ಲಿ ಟಾಟೆನ್‌ಹ್ಯಾಮ್ ಮುಗಿಬಿದ್ದಿತು. ಈ ಗೋಲು ಆಗದೇ ಇದ್ದಿದ್ದರೇ ಚೆನ್ನಾಗಿತ್ತೇನೋ ಎಂದು ಆ ಹೊತ್ತಿನಲ್ಲಿ ಅನ್ನಿಸಿತ್ತೆಂದು ಕೆನಡಿ ಮುಂದೆ ಹೇಳಿಕೊಂಡರು. ಭಯ ಅರ್ಥವಾಗುತ್ತದೆ, ಆದರೆ ಲೆಕ್ಕ ಹಾಗೆ ಹೇಳುವುದಿಲ್ಲ. 0–0 ಇದ್ದಾಗ ಒಂದು ಗೋಲು ಬಿಟ್ಟರೆ 0–1, ಕಪ್ ಹೋಯಿತು. 1–0 ಇದ್ದಾಗ ಒಂದು ಬಿಟ್ಟರೆ 1–1, ಆಗಲೂ ಹೋಯಿತು. ಅಂದರೆ ಆರ್ಸೆನಲ್ ಚರಿತ್ರೆಯ ಅತಿ ಪ್ರಸಿದ್ಧ ಗೋಲುಗಳಲ್ಲಿ ಒಂದಾದ ಇದು ತಂಡಕ್ಕೆ ಒಂದು ಎಳ್ಳಷ್ಟೂ ಹೆಚ್ಚಿನ ಭದ್ರತೆ ಕೊಡಲಿಲ್ಲ. ಗೋಲಿನ ಮುಂಚೆಯೂ ನಂತರವೂ ಟಾಟೆನ್‌ಹ್ಯಾಮ್‌ನ ಒಂದೇ ಒಂದು ಗೋಲಿನ ದೂರದಲ್ಲಿ ಎಲ್ಲವೂ ನಿಂತಿತ್ತು. ಉಳಿಸಿದ್ದು ಗಡಿಯಾರ.

ಐದು ದಿನ ಬಿಟ್ಟು ಮೇ 8ರಂದು ವೆಂಬ್ಲಿಯಲ್ಲಿ ಲಿವರ್‌ಪೂಲ್ ವಿರುದ್ಧ 2–1ರಿಂದ ಎಫ್‌ಎ ಕಪ್ ಕೂಡ ಬಂತು. ಹತ್ತು ವರ್ಷ ಹಿಂದೆ ಆ ಜೋಡಿಯನ್ನು ಗೆದ್ದಿದ್ದವರು ಇದೇ ಟಾಟೆನ್‌ಹ್ಯಾಮ್. ಅವರದೇ ಮನೆಯಲ್ಲಿ ಅರ್ಧ ಕೆಲಸ ಮುಗಿಸಿ ಬಂದರು ಅನ್ನುವುದನ್ನು ಆರ್ಸೆನಲ್‌ನವರು ಈಗಲೂ ಸುಮ್ಮನೆ ಬಿಡುವುದಿಲ್ಲ.

1976–77ರಿಂದ ಇಂಗ್ಲೆಂಡ್ ಭಾಗಾಕಾರ ಬಿಟ್ಟು ವ್ಯವಕಲನಕ್ಕೆ ಬಂತು: ಹೊಡೆದದ್ದರಲ್ಲಿ ಬಿಟ್ಟದ್ದನ್ನು ಕಳೆಯುವ ಗೋಲ್ ಡಿಫರೆನ್ಸ್. ಆ ನಿಯಮ 1971ರಲ್ಲೇ ಇದ್ದಿದ್ದರೆ? ಲೀಡ್ಸ್ +42, ಆರ್ಸೆನಲ್ +41. ಆಗ 0–0 ಸಾಲುತ್ತಿರಲಿಲ್ಲ, ಕೆನಡಿ ಗೋಲು ನಿಜವಾಗಿಯೂ ಕಪ್ ತಂದ ಗೋಲಾಗುತ್ತಿತ್ತು. ಬಹಳ ಮಂದಿ ಇಂದಿನ ನಿಯಮ ತಲೆಯಲ್ಲಿಟ್ಟುಕೊಂಡು ಅಂದಿನ ಪಂದ್ಯ ನೋಡುತ್ತಾರೆ, ಅದಕ್ಕೇ ಆ ಗೋಲಿನ ಬೆಲೆಯನ್ನು ತಪ್ಪಾಗಿ ಕಟ್ಟುತ್ತಾರೆ.

ಹದಿನೆಂಟು ವರ್ಷದ ನಂತರ ಲಿವರ್‌ಪೂಲ್‌ನ ಅಂಗಳ ಆನ್‌ಫೀಲ್ಡ್‌ನಲ್ಲಿ ಇದರ ಉಲ್ಟಾ ನಡೆಯಿತು. 1989ರ ಮೇ 26, ಶುಕ್ರವಾರ. ಲಿವರ್‌ಪೂಲ್ ಅಭಿಮಾನಿಗಳು ನೂಕುನುಗ್ಗಲಿನಲ್ಲಿ ಸತ್ತ ಹಿಲ್ಸ್‌ಬರೋ ದುರಂತದ ಕಾರಣ ಏಪ್ರಿಲ್‌ನಿಂದ ಮುಂದೂಡಿ ಲೀಗ್‌ನ ಕೊನೆಗೆ ಬಂದ ಪಂದ್ಯ ಅದು. ಆಟಕ್ಕೆ ಮೊದಲು ಆರ್ಸೆನಲ್ ಆಟಗಾರರು ಹೂಗುಚ್ಛ ಹಿಡಿದು ಲಿವರ್‌ಪೂಲ್ ಅಭಿಮಾನಿಗಳ ಬಳಿ ಹೋದರು. ಲಿವರ್‌ಪೂಲ್ 76 ಅಂಕ, 65 ಹೊಡೆದು 26 ಬಿಟ್ಟಿದೆ, +39. ಆರ್ಸೆನಲ್ 73 ಅಂಕ, 71ಕ್ಕೆ 36, +35. ಆ ಹೊತ್ತಿಗೆ ಗೆಲುವಿಗೆ ಮೂರು ಅಂಕ ಬಂದಿತ್ತು. 1–0 ಗೆದ್ದರೆ ಅಂಕ ಸಮ, ವ್ಯತ್ಯಾಸ +36ಕ್ಕೆ +38, ಲಿವರ್‌ಪೂಲ್‌ಗೆ ಕಪ್. 2–0 ಗೆದ್ದರೆ ಎರಡೂ +37, ಹೆಚ್ಚು ಗೋಲು ಹೊಡೆದವರಿಗೆ ಮೊದಲ ಸ್ಥಾನ, 73ಕ್ಕೆ 65.

ಎರಡು ಗೋಲಿನ ಅಂತರ ಬೇಕಾದದ್ದು ಹೇಗೆ ಅನ್ನುವುದನ್ನು ಯಾರೂ ನೆನೆಯುವುದಿಲ್ಲ. ಮೂರು ದಿನ ಮೊದಲು ಲಿವರ್‌ಪೂಲ್ ವೆಸ್ಟ್ ಹ್ಯಾಮ್‌ಗೆ 5–1 ಬಾರಿಸಿತ್ತು. ಅದು 3–1ರಲ್ಲಿ ನಿಂತಿದ್ದರೆ ಆನ್‌ಫೀಲ್ಡ್‌ನಲ್ಲಿ ಆರ್ಸೆನಲ್‌ಗೆ 1–0 ಸಾಕಿತ್ತು. ನಾಲ್ಕನೇ ಗೋಲು ಬಿದ್ದ ಕ್ಷಣ ಅದು 2–0 ಆಯಿತು. ಇನ್ನೊಂದು ತಮಾಷೆ: ಹಳೆಯ ಭಾಗಾಕಾರವೇ ಉಳಿದಿದ್ದರೆ 2–0 ಗೆದ್ದರೂ 2.028ಕ್ಕೆ 2.321, ಕಪ್ ಲಿವರ್‌ಪೂಲ್‌ನದೇ. ಆರ್ಸೆನಲ್ 5–0 ಗೆಲ್ಲಬೇಕಾಗುತ್ತಿತ್ತು. ನಂಬದವರು ಪೆನ್ನು ಹಿಡಿದು ನೋಡಬಹುದು: 76ನ್ನು 36ರಿಂದ ಭಾಗಿಸಿ, 65ನ್ನು 31ರಿಂದ ಭಾಗಿಸಿ. 4–0 ಸಾಲದು.

ಜಾರ್ಜ್ ಗ್ರಹಾಂ ಅಂದು ಆರ್ಸೆನಲ್ ತಂಡದ ಮ್ಯಾನೇಜರ್. 1971ರಲ್ಲಿ ವೈಟ್ ಹಾರ್ಟ್ ಲೇನ್‌ನಲ್ಲಿ ಮಿಡ್‌ಫೀಲ್ಡ್ ಆಡಿದ್ದ ಅದೇ ಗ್ರಹಾಂ. ಎರಡು ಗೋಲು ಬೇಕಾದ ರಾತ್ರಿ ಅವರು ಡಿಫೆಂಡರ್ ಒಬ್ಬರನ್ನು ಹೆಚ್ಚಿಸಿದರು: ಆಡಮ್ಸ್, ಬೌಲ್ಡ್ ಜೊತೆಗೆ ಓಲಿಯರಿ. ಹುಚ್ಚು ಅನ್ನಿಸಬಹುದು. ಆದರೆ ಒಂದು ಗೋಲು ಬಿಟ್ಟರೆ ಮೂರು ಹೊಡೆಯಬೇಕು, ಆನ್‌ಫೀಲ್ಡ್‌ನಲ್ಲಿ ಮೂರು ಆಗದ ಮಾತು. ಮೊದಲರ್ಧ 0–0. 52ನೇ ನಿಮಿಷ ವಿಂಟರ್‌ಬರ್ನ್ ತೆಗೆದ ಫ್ರೀ ಕಿಕ್‌ಗೆ ಅಲನ್ ಸ್ಮಿತ್ ತಲೆ ಸವರಿದರು. ಅದು ಇನ್‌ಡೈರೆಕ್ಟ್ ಫ್ರೀ ಕಿಕ್, ಯಾರಾದರೂ ಮುಟ್ಟದೆ ಒಳಗೆ ಹೋದರೆ ಗೋಲಲ್ಲ. ಸ್ಮಿತ್ ಮುಟ್ಟಲೇ ಇಲ್ಲ ಎಂದು ಲಿವರ್‌ಪೂಲ್ ಆಟಗಾರರು ರೆಫರಿಯನ್ನು ಸುತ್ತುವರಿದರು. ಅವರು ಲೈನ್ಸ್‌ಮನ್ ಬಳಿ ಹೋಗಿ ಕೇಳಿ ಬಂದು ಗೋಲು ಕೊಟ್ಟರು. ಇಂಜುರಿ ಟೈಮ್‌ನಲ್ಲಿ ಗೋಲ್‌ಕೀಪರ್ ಲೂಕಿಕ್ ಚೆಂಡನ್ನು ಒದೆಯದೆ ಡಿಕ್ಸನ್‌ಗೆ ಕೈಯಿಂದ ಎಸೆದರು. ಡಿಕ್ಸನ್‌ನಿಂದ ಉದ್ದಕ್ಕೆ ಸ್ಮಿತ್‌ಗೆ, ಸ್ಮಿತ್‌ನಿಂದ ಮೈಕಲ್ ಥಾಮಸ್‌ಗೆ. ಥಾಮಸ್ ಮುಂದೂಡಿದ ಚೆಂಡು ನಿಕೊಲ್ ಮೈಗೆ ತಾಗಿ ಮತ್ತೆ ಅವರ ಕಾಲಿಗೇ ಬಂತು. ಲಿವರ್‌ಪೂಲ್ ಗೋಲ್‌ಕೀಪರ್ ಗ್ರೊಬೆಲಾರ್ ಕೆಳಗೆ ಬೀಳುವವರೆಗೂ ಕಾದು ಮೇಲಿಂದ ಎತ್ತಿ ಹಾಕಿದರು. ಅದೇ ಥಾಮಸ್ 1991ರ ಡಿಸೆಂಬರ್‌ನಲ್ಲಿ ಲಿವರ್‌ಪೂಲ್ ಸೇರಿ, 1992ರ ಎಫ್‌ಎ ಕಪ್ ಫೈನಲ್‌ನಲ್ಲಿ ಅವರ ಪರವೂ ಗೋಲು ಹೊಡೆದರು.

ಮತ್ತೆ ರೇ ಕೆನಡಿ ಕಡೆಗೆ. ಹುಡುಗನಾಗಿದ್ದಾಗ ಪೋರ್ಟ್ ವೇಲ್ ಕ್ಲಬ್ ಅವರನ್ನು ಬೇಡವೆಂದು ಕಳುಹಿಸಿತ್ತು. ಹಾಗೆ ಹೇಳಿದವರು ಆಗ ಅದರ ಮ್ಯಾನೇಜರ್ ಆಗಿದ್ದ ಹೆಸರಾಂತ ಆಟಗಾರ, ಸಾಕ್ಷಾತ್ ಸ್ಟ್ಯಾನ್ಲಿ ಮ್ಯಾಥ್ಯೂಸ್. 1974ರ ಜುಲೈನಲ್ಲಿ ಲಿವರ್‌ಪೂಲ್ ಅವರನ್ನು ಕೊಂಡದ್ದೂ ಅಲ್ಲಿನ ಮ್ಯಾನೇಜರ್ ಬಿಲ್ ಶಾಂಕ್ಲಿ ನಿವೃತ್ತಿ ಘೋಷಿಸಿದ್ದೂ ಒಂದೇ ಸಮಯಕ್ಕೆ, ಹಾಗಾಗಿ ಪತ್ರಿಕೆಗಳಲ್ಲಿ ಕೆನಡಿಗೆ ಜಾಗ ಸಿಗಲಿಲ್ಲ. ಸ್ಟ್ರೈಕರ್ ಆಗಿ ಬಂದವರನ್ನು ಹೊಸ ಮ್ಯಾನೇಜರ್ ಬಾಬ್ ಪೈಸ್ಲಿ ಎಡಗಡೆಯ ಮಿಡ್‌ಫೀಲ್ಡರ್ ಮಾಡಿದರು. ಲಿವರ್‌ಪೂಲ್ ಅಭಿಮಾನಿಗಳು ನೆನೆಯುವುದು ಈ ಎರಡನೇ ಕೆನಡಿಯನ್ನು: ಎದುರಾಳಿ ಡಿಫೆಂಡರ್‌ಗಳ ಲೆಕ್ಕಕ್ಕೆ ಸಿಗದೆ ಹಿಂದಿನಿಂದ ನುಗ್ಗಿ ಬರುವವರು.

1981ರ ಏಪ್ರಿಲ್ 22, ಮ್ಯೂನಿಕ್, ಯುರೋಪಿಯನ್ ಕಪ್ ಸೆಮಿಫೈನಲ್‌ನ ಎರಡನೇ ಪಂದ್ಯ. ಎದುರಾಳಿ ಆ ಊರಿನ ಬಯರ್ನ್ ತಂಡ, ಮೊದಲ ಪಂದ್ಯ ಆನ್‌ಫೀಲ್ಡ್‌ನಲ್ಲಿ 0–0 ಆಗಿತ್ತು. ಇಲ್ಲಿ ಮೂರನೇ ಬಗೆಯ ಲೆಕ್ಕ: ಒಟ್ಟು ಗೋಲು ಸಮವಾದರೆ ಪರರ ಅಂಗಳದಲ್ಲಿ ಹೆಚ್ಚು ಹೊಡೆದವರು ಮುಂದಕ್ಕೆ. ಲಿವರ್‌ಪೂಲ್ ರಕ್ಷಣೆಯಲ್ಲಿ ಫಿಲ್ ಥಾಂಪ್ಸನ್ ಇಲ್ಲ, ಅಲನ್ ಕೆನಡಿ ಇಲ್ಲ. ಕಾಲಿನ್ ಇರ್ವಿನ್, ರಿಚರ್ಡ್ ಮನಿ ಆಡಿದರು. ಆಟ ಶುರುವಾಗಿ ಹತ್ತು ನಿಮಿಷದೊಳಗೆ ಡಾಲ್ಗ್ಲೀಷ್ ಕಾಲು ನೋವಿನಿಂದ ಹೊರಗೆ. ಒಳಗೆ ಬಂದವರು ಹೊವಾರ್ಡ್ ಗೇಲ್, ಲಿವರ್‌ಪೂಲ್ ಪರ ಆಡಿದ ಮೊದಲ ಕಪ್ಪು ಆಟಗಾರ. ಅವರ ವೇಗಕ್ಕೆ ಬಯರ್ನ್ ಬಳಿ ಉತ್ತರವಿರಲಿಲ್ಲ, ಹಿಡಿದೆಳೆದು ಕೆಡವತೊಡಗಿದರು. ಹಳದಿ ಕಾರ್ಡ್ ಬಂತು, ಗೇಲ್‌ಗೆ. ಇನ್ನೊಂದು ಬಿದ್ದರೆ ಹತ್ತೇ ಜನ. 70ನೇ ನಿಮಿಷದಲ್ಲಿ ಪೈಸ್ಲಿ ಅವರನ್ನು ತೆಗೆದು ಜಿಮ್ಮಿ ಕೇಸ್‌ರನ್ನು ಕಳಿಸಿದರು. ಅಲ್ಲಿಗೆ ಎರಡೂ ಬದಲಿ ಖರ್ಚಾಯಿತು. ಡೇವಿಡ್ ಜಾನ್ಸನ್ ತೊಡೆ ಹಿಡಿದುಕೊಂಡಾಗ ಹೊರಗೆ ಕರೆಯಲು ಆಗಲಿಲ್ಲ, ಅವರು ಕುಂಟುತ್ತಲೇ ಬಲ ಅಂಚಿಗೆ ಹೋದರು. 83ನೇ ನಿಮಿಷದಲ್ಲಿ ಆ ಅಂಚಿನಿಂದ ಆ ಕುಂಟುಕಾಲಿನ ಜಾನ್ಸನ್ ಕೊಟ್ಟ ಚೆಂಡಿಗೆ ರೇ ಕೆನಡಿ ಗೋಲು ಹೊಡೆದರು.

ವೈಟ್ ಹಾರ್ಟ್ ಲೇನ್ ಗೋಲು ಲೆಕ್ಕವನ್ನು ಒಂದಿಷ್ಟೂ ಬದಲಿಸಲಿಲ್ಲ ಅಂದೆನಲ್ಲ, ಇದು ಒಂದೇ ಏಟಿಗೆ ಎಲ್ಲ ಬದಲಿಸಿತು. ಅಲ್ಲಿಯವರೆಗೆ ಬಯರ್ನ್‌ಗೆ ಒಂದು ಗೋಲು ಸಾಕಿತ್ತು, ಈಗ ಏಳು ನಿಮಿಷದಲ್ಲಿ ಎರಡು ಬೇಕು. ರುಮ್ಮೆನಿಗೆ ಒಂದು ಹೊಡೆದರು, 1–1. ಸಾಲಲಿಲ್ಲ.

ನೆನಪು ಎಡವುವ ಜಾಗ ಇಲ್ಲೇ ಇದೆ. ಆ ವರ್ಷ ಪ್ಯಾರಿಸ್‌ನ ಫೈನಲ್‌ನಲ್ಲಿ ರಿಯಲ್ ಮ್ಯಾಡ್ರಿಡ್ ವಿರುದ್ಧದ ಒಂದೇ ಗೋಲು ಹೊಡೆದದ್ದು ಅಲನ್ ಕೆನಡಿ. ಇಬ್ಬರಿಗೂ ನೆಂಟಸ್ತಿಕೆ ಇಲ್ಲ. ‘1981ರಲ್ಲಿ ಕೆನಡಿ ಹೊಡೆದದ್ದು’ ಎಂದು ಯಾರಾದರೂ ಶುರು ಮಾಡಿದರೆ ಮೊದಲು ಊರು ಕೇಳಿ. ಮ್ಯೂನಿಕ್ ಅಂದರೆ ರೇ, ಪ್ಯಾರಿಸ್ ಅಂದರೆ ಅಲನ್.

ಇನ್ನೊಂದು ಎಡವು ಘಟನೆಗಳ ಕ್ರಮದ್ದು. 1999ರ ಏಪ್ರಿಲ್ 21ರ ಟ್ಯೂರಿನ್ ಪಂದ್ಯವನ್ನು, ಯುವೆಂಟಸ್ ವಿರುದ್ಧದ ಚಾಂಪಿಯನ್ಸ್ ಲೀಗ್ ಸೆಮಿಫೈನಲ್ ಅದು, ಬಹುತೇಕರು ಹೇಳುವುದು ಹೀಗೆ: ಹಳದಿ ಕಾರ್ಡ್ ತಿಂದು ಫೈನಲ್ ಕೈತಪ್ಪಿತೆಂದು ಗೊತ್ತಾದ ರಾಯ್ ಕೀನ್, ರೊಚ್ಚಿಗೆದ್ದು ಗೋಲು ಹೊಡೆದು ಮ್ಯಾಂಚೆಸ್ಟರ್ ಯುನೈಟೆಡ್ ತಂಡವನ್ನು ಮೇಲೆತ್ತಿದರು. ನಿಮಿಷಗಳನ್ನು ಸಾಲಾಗಿ ಇಡಿ. ಯುವೆಂಟಸ್‌ನ ಇನ್‌ಜಾಗಿ ಗೋಲುಗಳು, 6 ಮತ್ತು 11. ಬೆಕಮ್ ಕಾರ್ನರ್‌ಗೆ ಕೀನ್ ತಲೆ, 24. ಜಿಡಾನ್‌ರನ್ನು ಬೀಳಿಸಿ ಹಳದಿ ಕಾರ್ಡ್, 33. ಯಾರ್ಕ್, 34. ಕೋಲ್ ಮೂರನೆಯದು, 84. ಗೋಲು ಮೊದಲು, ಕಾರ್ಡ್ ಆಮೇಲೆ. ಮೊದಲ ಪಂದ್ಯ 1–1 ಆಗಿದ್ದರಿಂದ ಯಾರ್ಕ್ ಗೋಲಿನೊಂದಿಗೇ ಪರರ ಅಂಗಳದ ಗೋಲಿನ ಲೆಕ್ಕದಲ್ಲಿ ಯುನೈಟೆಡ್ ಮುಂದಿತ್ತು ಅನ್ನುವುದೂ ಈ ಕಥೆಯಲ್ಲಿ ಕಳೆದುಹೋಗುತ್ತದೆ. ಕಾರ್ಡ್ ನಂತರ ಕೀನ್ ಆಡಿದ ಆಟ ದೊಡ್ಡದೇ. ಅದಕ್ಕೆ ಗೋಲಿನ ಜಾಗ ಬದಲಿಸಬೇಕಾಗಿಲ್ಲ.

ಹಳೆಯ ಅವೇ ಪಂದ್ಯಗಳ ನೆನಪು ಬರೆದಿಡುವವರು ಮೊದಲು ಏನನ್ನೂ ನೋಡದೆ ನೆನಪಿದ್ದಷ್ಟನ್ನು ಬರೆಯಬೇಕು. ಹೈಲೈಟ್ಸ್ ಒಮ್ಮೆ ನೋಡಿದರೆ ಮುಗಿಯಿತು, ಗೋಲಿನ ಹಿಂದಿನ ಸ್ಟ್ಯಾಂಡಿನಲ್ಲಿ ನಿಂತಿದ್ದವರೂ ಆಟವನ್ನು ಪಕ್ಕದ ಕ್ಯಾಮೆರಾದ ಕಣ್ಣಿನಿಂದ ಹೇಳತೊಡಗುತ್ತಾರೆ. ಆಮೇಲೆ ಅಂದು ಬೆಳಿಗ್ಗೆ ಇದ್ದ ಅಂಕಪಟ್ಟಿ ಹುಡುಕಿ, ಋತುವಿನ ಕೊನೆಯದಲ್ಲ. ಅಂದಿನ ನಿಯಮ ಯಾವುದು, ಬದಲಿ ಎಷ್ಟು ಜನ ಎಂದು ನೋಡಿ. ಮ್ಯಾಚ್ ಪ್ರೋಗ್ರಾಂ ಸಿಕ್ಕರೆ ಅದರಲ್ಲಿ ಅಚ್ಚಾದ ಹನ್ನೊಂದು ಹೆಸರು ನಂಬಬೇಡಿ, ಅದು ಪಂದ್ಯಕ್ಕೆ ಮೊದಲೇ ಪ್ರೆಸ್ಸಿಗೆ ಹೋಗಿರುತ್ತದೆ. ಯಾರೋ ಪೆನ್ನಿನಲ್ಲಿ ಹೆಸರು ಹೊಡೆದು ತಿದ್ದಿದ್ದರೆ ಆ ತಿದ್ದುಪಡಿಯೇ ಚಿನ್ನ. ಗೋಲಿನ ನಿಮಿಷ ಒಂದೆರಡು ಆಚೀಚೆ ಆದರೆ ಜಗಳ ಬೇಡ, ಕ್ರಮ ಮುಖ್ಯ. ಮಾಜಿ ಆಟಗಾರರು ಮಾತಿಗೆ ಸಿಕ್ಕರೆ ‘ಹೇಗನ್ನಿಸಿತು’ ಎಂದು ಕೇಳಬೇಡಿ, ನೂರು ಸಲ ಹೇಳಿ ಸವೆದ ಉತ್ತರವೇ ಬರುತ್ತದೆ. ಯಾರನ್ನು ಮಾರ್ಕ್ ಮಾಡುತ್ತಿದ್ದಿರಿ, ಕಾರ್ನರ್ ಬಂದಾಗ ಎಲ್ಲಿ ನಿಲ್ಲುತ್ತಿದ್ದಿರಿ ಎಂದು ಕೇಳಿ.

ರೇ ಕೆನಡಿ ಅವರನ್ನು ಹಾಗೆ ಕೇಳುವ ಕಾಲ ಮುಗಿದಿದೆ. ಮೂವತ್ತರ ಹರೆಯದಲ್ಲೇ ಪಾರ್ಕಿನ್ಸನ್ ಕಾಯಿಲೆ ಪತ್ತೆಯಾಯಿತು. 1991ರಲ್ಲಿ ಅವರ ನೆರವಿಗಾಗಿ ಆರ್ಸೆನಲ್‌ನ ಆಗಿನ ಅಂಗಳ ಹೈಬರಿಯಲ್ಲಿ ಆರ್ಸೆನಲ್ ಮತ್ತು ಲಿವರ್‌ಪೂಲ್ ಆಡಿದವು. 1993ರಲ್ಲಿ ಪದಕಗಳನ್ನು ಮಾರಿದರು. 2021ರ ನವೆಂಬರ್ 30ರಂದು ತೀರಿಕೊಂಡರು.

ಅವೇ ಗೋಲಿನ ನಿಯಮವನ್ನು ಯುರೋಪು ಕೈಬಿಟ್ಟದ್ದೂ ಅದೇ 2021–22ರ ಋತುವಿನಿಂದ. ಇಂದಿನ ಲೆಕ್ಕದಲ್ಲಿ ಮ್ಯೂನಿಕ್‌ನ 1–1 ಲಿವರ್‌ಪೂಲ್‌ಗೆ ಫೈನಲ್ ಕೊಡುವುದಿಲ್ಲ, ಇನ್ನೂ 30 ನಿಮಿಷದ ಆಟ ಕೊಡುತ್ತದೆ. ಎರಡೂ ಬದಲಿ ಮುಗಿದು, ಜಾನ್ಸನ್ ಕುಂಟುತ್ತಾ.