ನಕ್ಷೆಯ ಕುಶನ್ ಹೊಲಿಯುವ ಮುಂಚೆ ನಕ್ಷೆ ಓದಿ

ಚಿಕ್ಕಮಗಳೂರು ಸುತ್ತಮುತ್ತಲಿನ ಹೋಂಸ್ಟೇ, ಎಸ್ಟೇಟ್ ಮನೆಗಳಿಗೆ ಪರದೆ, ಸೋಫಾ ಬಟ್ಟೆ, ಕುಶನ್ ಕವರ್ ಮಾಡಿಕೊಡುವುದು ನನ್ನ ಕೆಲಸ. ಈಚೆಗೆ ಹಳೇ ಗ್ರೀಕ್ ಮ್ಯಾಪ್ ಇರುವ ಕುಶನ್ ಕೇಳುವವರು ಜಾಸ್ತಿ. ಬೀಟೆ ಮರದ ಕುರ್ಚಿ, ರೆಡ್ ಆಕ್ಸೈಡ್ ನೆಲ ಇರುವ ಮನೆಗೆ ಆ ನೀಲಿ, ಆ ಮಾಸಲು ಕಾಗದದ ಬಣ್ಣ ತುಂಬಾ ಚೆನ್ನಾಗಿ ಒಪ್ಪುತ್ತದೆ. ಆದರೆ ಹೂವಿನ ಬಟ್ಟೆಯ ಹಾಗೆ ಇದನ್ನು ಎಲ್ಲಿ ಬೇಕೋ ಅಲ್ಲಿ ಕತ್ತರಿಸುವ ಹಾಗಿಲ್ಲ. ಹೂವು ಅರ್ಧ ತುಂಡಾದರೂ ಹೂವೇ. ನಕ್ಷೆಯಲ್ಲಿ ಊರಿನ ಹೆಸರು ಅರ್ಧ ಹೋದರೆ ಏನು ಉಳಿಯಿತು?

ಗಿರಾಕಿಗಳು ತೋರಿಸುವ ಚಿತ್ರಗಳಲ್ಲಿ ಹೆಚ್ಚಿನವು ಟಾಲೆಮಿಯವು. ಅವನು ಕ್ರಿ.ಶ. 2ನೇ ಶತಮಾನದಲ್ಲಿ ಈಜಿಪ್ಟಿನ ಅಲೆಕ್ಸಾಂಡ್ರಿಯಾದಲ್ಲಿದ್ದ ಭೂಗೋಳ ಪಂಡಿತ, ಗ್ರೀಕ್‌ನಲ್ಲಿ ಬರೆದವನು. ಅವನ ಕೈಯಿಂದ ಬಂದ ನಕ್ಷೆ ಯಾವುದೂ ಉಳಿದಿಲ್ಲ. ಉಳಿದದ್ದು ಪುಸ್ತಕ. ಅದರಲ್ಲಿ ಸುಮಾರು 8,000 ಸ್ಥಳಗಳ ಹೆಸರಿವೆ, ಬಹುಪಾಲಿಗೆ ಅಕ್ಷಾಂಶ, ರೇಖಾಂಶವೂ ಇವೆ. ಅದನ್ನು ಹಿಡಿದುಕೊಂಡು ಎಷ್ಟೋ ಶತಮಾನಗಳ ನಂತರದವರು ನಕ್ಷೆ ಬಿಡಿಸಿದರು. ಕಡುನೀಲಿ ಸಮುದ್ರ, ಅಂಚಿನ ಸುತ್ತ ಗಾಳಿ ಊದುವ ಮುಖಗಳು ಇರುವ ಪ್ರಸಿದ್ಧ ನಕ್ಷೆ 1482ರಲ್ಲಿ ಜರ್ಮನಿಯ ಉಲ್ಮ್‌ನಲ್ಲಿ ಅಚ್ಚಾದದ್ದು. ಇದನ್ನು ನಾನು ಆರ್ಡರ್ ತೆಗೆದುಕೊಳ್ಳುವಾಗಲೇ ಹೇಳಿಬಿಡುತ್ತೇನೆ. ನಾಳೆ ಮನೆಗೆ ಬಂದ ಅತಿಥಿ ಕೇಳಿದರೆ ಅವರ ಹತ್ತಿರ ಸರಿಯಾದ ಉತ್ತರ ಇರಬೇಕು ಅಲ್ವಾ?

ಮೂಡಿಗೆರೆ ಕಡೆಯ ಎಸ್ಟೇಟಿನ ಅಮ್ಮ ಒಬ್ಬರು ಸ್ಯಾಂಪಲ್ ಬಟ್ಟೆ ಕಿಟಕಿಯ ಬೆಳಕಿಗೆ ಹಿಡಿದು, “ಇದರಲ್ಲಿ ಗ್ರೀಸ್ ಎಲ್ಲಪ್ಪಾ?” ಎಂದರು. ಸರಿಯಾದ ಪ್ರಶ್ನೆ. ಟಾಲೆಮಿಯ ಪ್ರಪಂಚ ಅಟ್ಲಾಂಟಿಕ್‌ನ ದ್ವೀಪಗಳಿಂದ ಚೀನಾದವರೆಗೆ 180 ಡಿಗ್ರಿ ಹರಡಿದೆ. ಅದನ್ನು 16 ಇಂಚಿನ ಕುಶನ್‌ಗೆ ಇಳಿಸಿದರೆ ನಡುಮಧ್ಯಕ್ಕೆ ಪರ್ಷಿಯಾ ಕೊಲ್ಲಿಯ ಕಡೆ ಬರುತ್ತದೆ. ಗ್ರೀಸ್ ಎಡಗಡೆ, ಹೆಬ್ಬೆರಳಿನ ಉಗುರಿನಷ್ಟು.

ಅದಕ್ಕೆ ಬಿಡಿ ನಕ್ಷೆ ನೋಡಬೇಕು. ಪ್ರಪಂಚದ ನಕ್ಷೆಯ ಜೊತೆಗೆ 26 ಪ್ರಾಂತ್ಯದ ನಕ್ಷೆಗಳಿವೆ. ಯೂರೋಪಿನ ಹತ್ತನೆಯದರಲ್ಲಿ ಗ್ರೀಸ್, ಪಕ್ಕದ ಕ್ರೀಟ್ ಎಲ್ಲ ಬಿಡಿಬಿಡಿಯಾಗಿ ಕಾಣುತ್ತವೆ. ಏಷ್ಯಾದ ಹತ್ತನೆಯದು ನಮ್ಮ ಭಾರತ. ಅದರಲ್ಲಿ ದಕ್ಷಿಣ ಭಾರತ ಕೆಳಗೆ ಚಾಚಿಕೊಂಡೇ ಇಲ್ಲ, ಕರಾವಳಿ ಹೆಚ್ಚುಕಡಿಮೆ ಪೂರ್ವಕ್ಕೇ ಓಡುತ್ತದೆ. ಪಶ್ಚಿಮ ಕರಾವಳಿಯಲ್ಲಿ ಮುಜಿರಿಸ್ ಎಂಬ ಬಂದರು ಇದೆ. ನಮ್ಮ ತೋಟಗಳಲ್ಲಿ ಮರಕ್ಕೆ ಹಬ್ಬಿಸುತ್ತೇವಲ್ಲ, ಆ ಕಾಳುಮೆಣಸು ರೋಮ್ ಕಡೆಗೆ ಹಡಗು ಹತ್ತುತ್ತಿದ್ದ ಬಂದರು ಅದು. ಇದನ್ನು ಹೇಳಿದ ಮೇಲೆ ಆ ಅಮ್ಮ ಗ್ರೀಸ್ ಒಂದು, ಭಾರತ ಒಂದು ಬೇಕೆಂದರು. ನನಗೆ ಬಹಳ ಇಷ್ಟವಾದ ಜೋಡಿ ಅದು.

ಹೊಲಿಗೆಯಲ್ಲಿ ಗಮನ ಕೊಡಬೇಕಾದದ್ದು ಅಂಚು. ಸುತ್ತಲೂ ಅರ್ಧ ಇಂಚು ಹೊಲಿಗೆಗೆ ಹೋಗುತ್ತದೆ. ತುಂಬಿದ ಮೇಲೆ ನಡುಭಾಗ ಉಬ್ಬಿ ಇನ್ನಷ್ಟು ಅಂಚು ಹಿಂದಕ್ಕೆ ತಿರುಗುತ್ತದೆ. ಹಾಗಾಗಿ ಬೇಕಾದ ಹೆಸರುಗಳನ್ನೆಲ್ಲ ಅಂಚಿನಿಂದ ಎರಡು ಇಂಚು ಒಳಗೆ ಇರುವಂತೆ ಪ್ರಿಂಟ್ ಹಾಕಿಸುತ್ತೇನೆ. ಟಾಲೆಮಿ ಉತ್ತರವನ್ನು ಮೇಲಿಟ್ಟವನು, ಆದ್ದರಿಂದ ಜಿಪ್ ಯಾವಾಗಲೂ ದಕ್ಷಿಣಕ್ಕೆ. ಹಾಸಿಗೆ ಸರಿಮಾಡುವ ಹುಡುಗರಿಗೂ ಕುಶನ್ ಹೇಗೆ ನಿಲ್ಲಿಸಬೇಕು ಅಂತ ಅದರಿಂದಲೇ ಗೊತ್ತಾಗುತ್ತದೆ. ಒರಟು ನೇಯ್ಗೆಯ ಬಟ್ಟೆಯಲ್ಲಿ ಸಣ್ಣ ಅಕ್ಷರ ಕಲಸಿಹೋಗುತ್ತದೆ, ಒತ್ತು ನೇಯ್ಗೆಯ ಕಾಟನ್ ಒಳ್ಳೆಯದು.

ಒಂದು ಸೋಫಾಕ್ಕೆ ಎರಡು ನಕ್ಷೆ ಸಾಕು. ಪಕ್ಕದಲ್ಲಿ ಆ ಸಮುದ್ರದ್ದೇ ನೀಲಿಯ ಸಾದಾ ಕುಶನ್ ಇಡಿ. ಜಗಲಿಯಲ್ಲಿ ಮಾತ್ರ ಇಡಬೇಡಿ, ಮಲೆನಾಡಿನ ಮಳೆಯ ಎರಚಲು ಗೋಡೆಯವರೆಗೂ ಬರುತ್ತದೆ. ಒಳಗೆ ಫೋಮ್ ಬೇಡ, ಫೈಬರ್ ತುಂಬಿಸಿ. ಜೂನ್‌ಗೆ ಮುಂಚೆ ಕವರ್ ಬಿಚ್ಚಿ, ಒಳಮಗ್ಗುಲು ಹೊರಗೆ ಮಾಡಿ ಒಗೆದು, ಚೆನ್ನಾಗಿ ಒಣಗಿಸಿ ಎತ್ತಿಟ್ಟರೆ ಬೂಸ್ಟು ಹಿಡಿಯುವುದಿಲ್ಲ.