ನಿನ್ನ ಅಮ್ಮನ ಹತ್ತಿರ ಯಾರು ಕೂತ್ಕೊಳ್ತಾರೆ?

ಈ ಮಂಗಳವಾರ ಮಧ್ಯಾಹ್ನ ಮಂಗಳೂರಿನ ಜೆಪ್ಪುವಿನ ಒಂದು ಹಂಚಿನ ಮನೆಯಲ್ಲಿ ಅಜ್ಜಿಯೊಬ್ಬರು ನನ್ನನ್ನು ಒಂದು ಮಾತು ಕೇಳಿದರು. ಇವತ್ತು ಶನಿವಾರ. ಆ ಮಾತು ಇನ್ನೂ ಕಿವಿಯಲ್ಲೇ ಇದೆ.

ಕೀರ್ತನೆ ಓದಿ ಪ್ರಾರ್ಥನೆ ಮುಗಿಸಿದ್ದೆ. ಹೊರಗೆ ಆಟಿ ತಿಂಗಳ ಮಳೆ. ಮಾಡಿನ ಒಂದು ಹಂಚು ಸರಿದು ಒಳಗೆ ನೀರು ಬೀಳುತ್ತಿತ್ತು. ಅದರ ಕೆಳಗೆ ಅಲ್ಯೂಮಿನಿಯಂ ಪಾತ್ರೆ ಇಟ್ಟಿದ್ದರು. ಅಜ್ಜಿ ಚಹಾದಲ್ಲಿ ಬಿಸ್ಕತ್ತು ಅದ್ದಿ, ಅದು ಮುರಿದು ಬೀಳುವ ಮೊದಲೇ ನಡುಗುವ ಕೈಯಿಂದ ಬಾಯಿಗೆ ಇಟ್ಟುಕೊಳ್ಳುತ್ತಿದ್ದರು. ಆಮೇಲೆ ನನ್ನ ಮುಖ ನೋಡಿ ತುಳುವಿನಲ್ಲಿ ಕೇಳಿದರು: "ನಿನ್ನ ಅಪ್ಪೆನ ಕೈತಲ್ ಏರ್ ಕುಲ್ಲುವೆರ್ ಮಗಾ?"

ನನಗೆ 'ಅಪ್ಪೆ' ಅಂದದ್ದು ಮಾತ್ರ ತಿಳಿಯಿತು. ಅವರಿಗೂ ಅದು ಗೊತ್ತಾಯಿತು. ನಿಧಾನವಾಗಿ ಕನ್ನಡದಲ್ಲಿ ಇನ್ನೊಮ್ಮೆ ಕೇಳಿದರು. "ನೀನು ವಾರ ವಾರ ಬಂದು ನನ್ನ ಹತ್ತಿರ ಕೂತ್ಕೊಳ್ತಿ. ನಿನ್ನ ಅಮ್ಮನ ಹತ್ತಿರ ಯಾರು ಕೂತ್ಕೊಳ್ತಾರೆ?"

ನಾನು ಏನೂ ಹೇಳಲಿಲ್ಲ. ಪಾತ್ರೆ ತುಂಬಿತ್ತು. ಎದ್ದು ಹೋಗಿ ಅಂಗಳಕ್ಕೆ ಚೆಲ್ಲಿ ಬಂದೆ.

ನಾನು ಗದಗದ ಪಕ್ಕದ ಬೆಟಗೇರಿಯವನು. ಮಂಗಳೂರಿಗೆ ಕ್ರೈಸ್ತ ಸಭೆಯ ಸೇವೆಗೆ ಬಂದು ಒಂದು ವರ್ಷದ ಮೇಲಾಯಿತು. ವಯಸ್ಸು ಇಪ್ಪತ್ತನಾಲ್ಕು. ಇಲ್ಲಿ ಎಲ್ಲರೂ 'ಅಯ್ಯನವರೇ' ಅಂತಾರೆ. ನನ್ನ ಅಪ್ಪನಿಗಿಂತ ದೊಡ್ಡವರು ಎದ್ದು ನಿಂತು ಕುರ್ಚಿ ಕೊಡ್ತಾರೆ. ಕಷ್ಟ ಏನು ಅಂತ ಊರಿನವರು ಕೇಳಿದರೆ ಮೊದಲು ಬಾಯಿಗೆ ಬರೋದು ಸಣ್ಣ ಸಂಗತಿಗಳೇ. ಜುಲೈಯಲ್ಲಿ ಒಗೆದ ಅಂಗಿ ಮೂರು ದಿನವಾದರೂ ಒಣಗುವುದಿಲ್ಲ. ಕುಚ್ಚಲಕ್ಕಿ ಅನ್ನ ಗಂಟಲಲ್ಲಿ ಇಳಿಯಲು ತಿಂಗಳುಗಳೇ ಬೇಕಾದವು. ತುಳು ಬಾರದೆ ರೋಗಿಯ ಮಂಚದ ಪಕ್ಕ ಕೂತಾಗ ಅವರ ಸಂಕಟದ ಅರ್ಧ ಭಾಗ ನನಗೆ ತಲುಪುವುದೇ ಇಲ್ಲ. ಈ ಕೊನೆಯದು ನಿಜವಾಗಿ ನೋಯಿಸುತ್ತದೆ. ಕನ್ನಡದಲ್ಲಿ ಮಾತಾಡುವವರೂ ನೋವು ಜಾಸ್ತಿಯಾದರೆ ತುಳುವಿಗೇ ಹೋಗಿಬಿಡುತ್ತಾರೆ.

ಆದರೆ ಅಜ್ಜಿ ಕೇಳಿದ್ದು ಇದ್ಯಾವುದೂ ಅಲ್ಲವಲ್ಲ.

ಅಜ್ಜಿಗೆ ಒಬ್ಬನೇ ಮಗ, ಕುವೈತಿನಲ್ಲಿದ್ದಾನೆ. ಭಾನುವಾರ ಫೋನು, ತಿಂಗಳಿಗೊಮ್ಮೆ ಹಣ. ಮೂರು ವರ್ಷದಿಂದ ಬಂದಿಲ್ಲ. ನನಗೆ ಅವನ ಮೇಲೆ ತುಂಬಾ ಸಿಟ್ಟಿತ್ತು. ಹೆತ್ತ ತಾಯಿಯ ಮನೆಯ ಹಂಚು ಸರಿಪಡಿಸಲಾರದವನು ಎಂಥ ಮಗ ಅಂತ ಮನಸ್ಸಿನಲ್ಲೇ ಬೈದುಕೊಂಡಿದ್ದೇನೆ. ಪಕ್ಕದ ಮನೆಯ ಅಕ್ಕನ ಹತ್ತಿರ ಬಾಯಿ ಬಿಟ್ಟೂ ಹೇಳಿದ್ದೇನೆ. ಆ ಅಕ್ಕ ಕೊಂಕಣಿ ಮಾತಾಡುವ ಕ್ಯಾಥೊಲಿಕರು, ನಮ್ಮ ಸಭೆಯವರಲ್ಲ. ದಿನಾ ಬೆಳಿಗ್ಗೆ ಗಂಜಿ ತಂದುಕೊಡೋದು, ರಾತ್ರಿ ಮಾತ್ರೆ ಕೊಟ್ಟು ಬಾಗಿಲು ಎಳೆದುಕೊಂಡು ಹೋಗೋದು ಅವರೇ. ಅವರನ್ನು ಯಾರೂ ಸೇವಕಿ ಅಂತ ಕರೆದಿಲ್ಲ. ವಾರಕ್ಕೆ ಒಂದು ಗಂಟೆ ಕೂತು ಹೋಗುವ ನನಗೆ ಆ ಹೆಸರು ಇದೆ.

ಮಂಗಳವಾರ ಸಂಜೆ ಗುಡ್ಡ ಹತ್ತಿ ರೂಮಿಗೆ ಬರುವಾಗ ಆ ಮಗನ ಮೇಲಿನ ಸಿಟ್ಟು ಪೂರಾ ಇಳಿದುಹೋಗಿತ್ತು. ಅವನು ಬಿಟ್ಟು ಹೋದ, ನಾನೂ ಬಿಟ್ಟು ಬಂದೆ. ಅವನು ದುಡಿಯಲು ಹೋದ ಅಂತಾರೆ, ನಾನು ದೇವರ ಕೆಲಸಕ್ಕೆ ಬಂದೆ ಅಂತಾರೆ. ಬೆಟಗೇರಿಯಲ್ಲಿ ಅವ್ವ ಒಬ್ಬಳೇ ಊಟಕ್ಕೆ ಕೂತಾಗ ಈ ಎರಡು ಮಾತಿಗೆ ವ್ಯತ್ಯಾಸ ಏನಿದೆ? ನನ್ನ ಕರೆ ನಿಜ ಅಂತಲೇ ನಂಬಿದ್ದೇನೆ, ಈಗಲೂ ನಂಬುತ್ತೇನೆ. ಆದರೆ ಅದರ ಬೆಲೆಯಲ್ಲಿ ಅರ್ಧ ಅವ್ವ ಕೊಡುತ್ತಿದ್ದಾಳೆ. ಅವಳನ್ನು ಯಾರೂ ಕೇಳಿರಲಿಲ್ಲ. ನಾನೂ ಕೇಳಿರಲಿಲ್ಲ.

ಬಲ್ಮಠದ ಕಡೆ ಹೋದಾಗಲೆಲ್ಲ ನನಗೆ ಅಲ್ಲಿ ನೆಲೆಸಿದ್ದ ಹಳೆಯ ಬಾಸೆಲ್ ಮಿಷನ್ನಿನವರ, ಅಂದರೆ ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆಯವರ ನೆನಪು. 1834ರಲ್ಲಿ ಹೆಬಿಕ್, ಲೆಹ್ನರ್, ಗ್ರೈನರ್ ಮೂವರು ಮಂಗಳೂರಿಗೆ ಬಂದರು. 1837ರಲ್ಲಿ ಧಾರವಾಡದಲ್ಲೂ ಕೆಲಸ ಶುರುವಾಯಿತು. ಮುಂದೆ ನಮ್ಮ ಬೆಟಗೇರಿಗೂ ಬಂದರು. ಅಲ್ಲಿ ಅವರು ಕಟ್ಟಿದ ಆಸ್ಪತ್ರೆಯನ್ನು ಊರಲ್ಲಿ ಜನ ಈಗಲೂ ಜರ್ಮನ್ ಆಸ್ಪತ್ರೆ ಅಂತಲೇ ಕರೆಯುತ್ತಾರೆ. ನಾನು ಹುಟ್ಟಿದ್ದು ಅಲ್ಲೇ. ಅವರು ಈ ಕಡೆಯಿಂದ ಆ ಕಡೆ ಹೋದರು, ನಾನು ಆ ಕಡೆಯಿಂದ ಈ ಕಡೆ ಬಂದೆ ಅಂತ ಹೆಮ್ಮೆಯಿಂದ ಹೇಳಿಕೊಂಡಿದ್ದೂ ಉಂಟು.

ಈ ವಾರ ಹೆಮ್ಮೆಗಿಂತ ಬೇರೆಯೇ ಒಂದು ಯೋಚನೆ ಬಂತು. ಅದೇ ಮಿಷನ್ನಿನ ಕಿಟೆಲ್ 1853ರಲ್ಲಿ ಇಲ್ಲಿಗೆ ಬಂದಾಗ ಇಪ್ಪತ್ತೊಂದು ವರ್ಷದ ಹುಡುಗ. ನನಗಿಂತ ಚಿಕ್ಕವರು. ಉತ್ತರ ಜರ್ಮನಿಯ ಸಮುದ್ರದ ಕಡೆಯವರು. ಅವರ ಕನ್ನಡ-ಇಂಗ್ಲಿಷ್ ನಿಘಂಟು 1894ರಲ್ಲಿ ಇದೇ ಮಂಗಳೂರಿನ ಮಿಷನ್ ಪ್ರೆಸ್ಸಿನಲ್ಲಿ ಅಚ್ಚಾಯಿತು. ಸುಮಾರು 70 ಸಾವಿರ ಪದಗಳು. ಅದನ್ನು ನಾವೆಲ್ಲ ಕೊಂಡಾಡುತ್ತೇವೆ, ಕೊಂಡಾಡಬೇಕು ಕೂಡ. ಆದರೆ ಕನ್ನಡದ 'ಅವ್ವ' ಅನ್ನುವ ಪದಕ್ಕೆ ಅರ್ಥ ಬರೆದ ಆ ಕೈ, ತನ್ನ ಮನೆಗೆ ಬರೆದ ಕಾಗದ ತಲುಪಲು ಎಷ್ಟು ದಿನ ಕಾಯುತ್ತಿತ್ತೋ. ಆ ಮನೆಯಲ್ಲಿ ಯಾರ ಹತ್ತಿರ ಯಾರು ಕೂತಿದ್ದರು? ನಾನು ಓದಿದ ಯಾವ ಪಾಠದಲ್ಲೂ ಈ ಪ್ರಶ್ನೆ ಇರಲಿಲ್ಲ. ಬಿಸ್ಕತ್ತು ಅದ್ದುತ್ತಾ ಜೆಪ್ಪುವಿನ ಅಜ್ಜಿ ಕೇಳಿದರು.

ಬುಧವಾರ ರಾತ್ರಿ ಅವ್ವನಿಗೆ ಫೋನ್ ಮಾಡಿದೆ. ಎಂದಿನ ಹಾಗೆ "ಉಂಡ್ಯೋ ಇಲ್ಲೋ?" ಅಂತ ಶುರು ಮಾಡಿದಳು. ನಾನು ನೇರವಾಗಿ ಕೇಳಿಬಿಟ್ಟೆ. "ಅವ್ವಾ, ನಿನ್ನ ಹತ್ರ ಯಾರು ಕುಂದರ್ತಾರ?"

ಸ್ವಲ್ಪ ಹೊತ್ತು ಸುಮ್ಮನಿದ್ದಳು. "ಯಾರ್ ಕುಂದರ್ತಾರೋ? ಮಗ್ಗದ ಮುಂದ ನಾನ ಕುಂದರ್ತೀನಿ," ಅಂದಳು.

ಬೇಸರದಲ್ಲಿ ಹೇಳಿದ್ದಲ್ಲ. ಇದ್ದದ್ದು ಇದ್ದ ಹಾಗೆ ಹೇಳಿದಳು, ಅಷ್ಟೇ. ನಮ್ಮದು ಕುಣಿ ಮಗ್ಗ. ನೆಲದ ತಗ್ಗಿನಲ್ಲಿ ಕಾಲು ಇಳಿಬಿಟ್ಟು ಕೂರಬೇಕು. ಅವಳಿಗೆ ಮೊಣಕಾಲು ನೋವು. ತಗ್ಗಿನಿಂದ ಏಳುವಾಗ ಮೊದಲು ನನ್ನ ಹೆಗಲು ಹಿಡಿಯುತ್ತಿದ್ದಳು. ಈಗ ಏನು ಹಿಡಿಯುತ್ತಾಳೆ ಅಂತ ಕೇಳಲು ನನ್ನಿಂದ ಆಗಲಿಲ್ಲ. ಅಜ್ಜಿ ಕೇಳಿದ ಮಾತನ್ನು ಮಾತ್ರ ಅವಳಿಗೆ ಹೇಳಿದೆ. ಸೋರುವ ಹಂಚು, ಕುವೈತಿನ ಮಗ, ಗಂಜಿ ತರುವ ಅಕ್ಕ, ಎಲ್ಲಾ ಹೇಳಿದೆ. ಅವ್ವ ನಡುವೆ ಮಾತಾಡಲೇ ಇಲ್ಲ. ಕೊನೆಗೆ ಕೇಳಿದ್ದು ಒಂದೇ: "ಆ ಅಜ್ಜಿಗೆ ಹಲ್ಲು ಅದಾವೇನು?"

ಇಲ್ಲ ಅಂದೆ.

ಇವತ್ತು ಬೆಳಿಗ್ಗೆ ಹುಬ್ಬಳ್ಳಿ ಕಡೆಯ ರಾತ್ರಿ ಬಸ್ಸಿನಲ್ಲಿ ಗಂಟು ಬಂತು. ಡ್ರೈವರ್ ಕೈಯಿಂದ ಇಸಿದುಕೊಂಡು, ಮಳೆಯಲ್ಲಿ ನೆನೆಯದ ಹಾಗೆ ಅಂಗಿಯೊಳಗೆ ಇಟ್ಟುಕೊಂಡು ಬಂದೆ. ನನಗೆ ಖಡಕ್ ರೊಟ್ಟಿ, ಶೇಂಗಾ ಹಿಂಡಿ. ಪಕ್ಕದಲ್ಲಿ ಇನ್ನೊಂದು ಪುಟ್ಟ ಡಬ್ಬಿ. ಅದರಲ್ಲಿ ರೊಟ್ಟಿಯನ್ನು ನುಣ್ಣಗೆ ಕುಟ್ಟಿ, ಬೆಲ್ಲ ತುಪ್ಪ ಹಾಕಿ ಮಾಡಿದ ಮಾಲ್ದಿ. ಅಗಿಯಬೇಕಾಗಿಲ್ಲ, ಬಾಯಲ್ಲಿ ಇಟ್ಟರೆ ಕರಗುತ್ತದೆ.

ಮಂಗಳವಾರದ ತನಕ ಕಾಯುವುದು ಬೇಡ ಅನ್ನಿಸಿದೆ. ಮಳೆ ಸ್ವಲ್ಪ ಕಡಿಮೆಯಾದ ಕೂಡಲೇ ಜೆಪ್ಪುವಿಗೆ ಹೋಗುತ್ತೇನೆ. ಒಂದು ಏಣಿಯನ್ನೂ ಕೇಳಿಟ್ಟಿದ್ದೇನೆ, ಆ ಹಂಚಿಗೆ.