ಕಟ್ಟಿದವನ ಹೆಸರು

ನಿನ್ನೆ ಪಟ್ಟದಕಲ್ಲಿಗೆ ಹೋಗಿದ್ದೆ. ಸಂಜೆಯಾದರೂ ವಿರೂಪಾಕ್ಷ ಗುಡಿಯ ಮರಳುಗಲ್ಲು ಅಂಗೈಗೆ ಬೆಚ್ಚಗಿತ್ತು. ಗಂಡ ಇಮ್ಮಡಿ ವಿಕ್ರಮಾದಿತ್ಯ ಕಂಚಿ ಗೆದ್ದ ನೆನಪಿಗೆ ರಾಣಿ ಲೋಕಮಹಾದೇವಿ 8ನೇ ಶತಮಾನದಲ್ಲಿ ಕಟ್ಟಿಸಿದ ಗುಡಿ ಇದು. ಇದರದ್ದು ಹಂತಹಂತವಾಗಿ ಏರುವ ದ್ರಾವಿಡ ಶಿಖರ. ಸ್ವಲ್ಪ ಆಚೆ ಕಾಶಿವಿಶ್ವನಾಥ ಗುಡಿಗೆ ಉತ್ತರ ಭಾರತದ ಶೈಲಿಯ ಬಾಗಿದ ನಾಗರ ಶಿಖರ. ಒಂದೇ ಅಂಗಳದಲ್ಲಿ ಎರಡೂ!

ನನ್ನನ್ನು ಜಾಸ್ತಿ ಹಿಡಿದು ನಿಲ್ಲಿಸಿದ್ದು ಶಾಸನದಲ್ಲಿರುವ ಒಂದು ಹೆಸರು. ಗುಂಡ ಅನಿವಾರಿತಾಚಾರಿ. ಗುಡಿ ಕಟ್ಟಿದ ಶಿಲ್ಪಿ. 'ತ್ರಿಭುವನಾಚಾರಿ' ಅಂತ ಬಿರುದೂ ಸಿಕ್ಕಿತ್ತು. ಕಟ್ಟಡಗಳ ಚರಿತ್ರೆಯಲ್ಲಿ ರಾಜರ ಹೆಸರೇ ಮೊದಲು ಕಣ್ಣಿಗೆ ಬೀಳುತ್ತದೆ, ಅಲ್ವಾ?

ನಮ್ಮ ಅಜ್ಜನ ಮನೆಯ ತೊಲೆ ಜೋಡಿಸಿದ ಬಡಗಿ ಯಾರು? ರಾತ್ರಿ ಅಮ್ಮನಿಗೆ ಫೋನ್ ಮಾಡಿ ಕೇಳಿದೆ. "ದೊಡ್ಡಪ್ಪನಿಗೆ ಗೊತ್ತಿರಬಹುದು, ಕೇಳ್ತೀನಿ" ಅಂದರು.